ತಟ್ಟೆ, ಮೈದಾನ ಮತ್ತು ನಮ್ಮ ಹೆಣ್ಣುಮಕ್ಕಳು

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಶಾಲೆಯ ನೂರು ವರ್ಷಗಳ ಇತಿಹಾಸವನ್ನು ನನಗಿಂತ ಮೊದಲು ಮಾತನಾಡಿದವರು ಸೊಗಸಾಗಿ ನಿರೂಪಿಸಿದ್ದಾರೆ. ನಾನು ಇಂದು ತರಗತಿಯಲ್ಲಿ ಕುಳಿತಿರುವ ಮಕ್ಕಳ ಆರೋಗ್ಯವನ್ನು ಕುರಿತು, ಅದರಲ್ಲಿಯೂ ಹನ್ನೆರಡು ದಾಟಿದ ಹೆಣ್ಣುಮಕ್ಕಳನ್ನು ಕುರಿತು, ನಾಲ್ಕು ಮಾತುಗಳನ್ನಾಡಬಯಸುತ್ತೇನೆ.

ಸಮತೋಲನ ಆಹಾರ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಮಕ್ಕಳು ಪೂರ್ಣ ಅಂಕ ಪಡೆಯುವ ಉತ್ತರವನ್ನೇ ಬರೆಯುತ್ತಾರೆ. ಹಾಗೆ ಬರೆದ ಮಗು ಅಂದು ಬೆಳಿಗ್ಗೆ ಒಂದು ಬಟ್ಟಲು ಚಹಾ, ಎರಡು ಬಿಸ್ಕತ್ತುಗಳ ಮೇಲೆ ಶಾಲೆಗೆ ಬಂದಿರುತ್ತದೆ. ಕೊರತೆ ತಿಳಿವಳಿಕೆಯದಲ್ಲ. ಮಗುವಿನ ತಟ್ಟೆಗೆ ಏನು ಬೀಳಬೇಕು, ಅದಕ್ಕೆ ಆಡಲು ಎಷ್ಟು ಸಮಯ ಸಿಗಬೇಕು ಎಂಬುದನ್ನು ನಿರ್ಧರಿಸುವವರು ನಾವು, ದೊಡ್ಡವರು. ಆದ್ದರಿಂದ ನನ್ನ ಉಪದೇಶವೇನಿದ್ದರೂ ಮಕ್ಕಳಿಗಲ್ಲ, ನಿಮಗೆ ಮತ್ತು ನನ್ನ ಶಿಕ್ಷಕರಿಗೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ ಶೇ. 59.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 54.1 ಇತ್ತು, ಅಂದರೆ ಏರಿದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31.1. ತಿಂಗಳ ಸ್ರಾವ ಈ ಅಂತರಕ್ಕೆ ಒಂದು ಕಾರಣ, ನಿಜ. ಆದರೆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ತಾಯಿ, ಮಗಳು ಉಳಿದದ್ದನ್ನು ಉಣ್ಣುವ ಪದ್ಧತಿಯೂ ಕಾರಣವಲ್ಲವೇ? ಪ್ರಾರ್ಥನೆಯ ವೇಳೆಯಲ್ಲಿ ತಲೆ ಸುತ್ತಿ ಕುಳಿತುಬಿಡುವ ಹುಡುಗಿಯನ್ನು ಕಂಡಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ.

ಇದು ಒಂದು ತಲೆಮಾರಿಗೆ ಮುಗಿಯುವ ಮಾತಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕರು ಮತ್ತು ಅವರ ಸಂಗಡಿಗರು 1993ರಿಂದ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಆಹಾರ ಹಾಗೂ ಶಿಶುಗಳ ಬೆಳವಣಿಗೆಯನ್ನು ಅಭ್ಯಸಿಸಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು 3.5 ಕಿಲೋ. ವಿಚಿತ್ರವೆಂದರೆ, ನಮ್ಮ ಕೂಸುಗಳಲ್ಲಿ ಕಡಿಮೆಯಿದ್ದದ್ದು ಮಾಂಸಖಂಡ. ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಇಂಥ ಶರೀರ ಮುಂದೆ ಸಕ್ಕರೆ ಕಾಯಿಲೆಗೆ ಬೇಗ ಒಳಗಾಗುತ್ತದೆ ಎಂಬುದು ಈ ಸಂಶೋಧನೆಗಳ ಎಚ್ಚರಿಕೆ. ಅದೇ ಕುಟುಂಬ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇ. 21.9ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಲಗ್ನವಾಗಿತ್ತು. ರಕ್ತಹೀನ ಬಾಲೆ ಮೈ ಬೆಳೆಯುವ ಮುಂಚೆಯೇ ತಾಯಿಯಾದರೆ ಅವಳ ಕೂಸಿನ ಗತಿಯೇನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪರಿಹಾರ. ನೆರೆಯ ಯಾದಗಿರಿ ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಬಾಳೆಹಣ್ಣು ಕೊಟ್ಟರು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಅಲ್ಲಿನ ಮಕ್ಕಳನ್ನು ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿದಾಗ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಎಂಟನೆಯ ತರಗತಿಯ ಹುಡುಗಿಯರಲ್ಲಿ ಅದು ಎದ್ದು ಕಾಣುವಂತಿತ್ತು. ಮೊಟ್ಟೆ ಬೇಡವೆನ್ನುವ ಮನೆಗಳು ನಮ್ಮಲ್ಲಿ ಅನೇಕ ಇವೆ. ಅವರ ಆಚಾರವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಮೊಟ್ಟೆಯ ಬದಲು ಶೇಂಗಾ, ಬೇಳೆ, ಹಾಲು, ಮೊಸರು ಆ ಮಗುವಿನ ತಟ್ಟೆಯಲ್ಲಿ ಇರಲೇಬೇಕು. ಬೆಂಗಳೂರಿನ ಹೊರವಲಯದ ಶಾಲೆಗಳಲ್ಲಿ ಸುಮಾರು 1500 ಮಕ್ಕಳ ಮೇಲೆ ಮೂರು ತಿಂಗಳು ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಾಗಿ, ಸಾಮೆಗಳ ಇಡ್ಲಿ, ಖಿಚಡಿಗಳನ್ನು ಉಂಡ ಮಕ್ಕಳ ಎತ್ತರ ಚೆನ್ನಾಗಿ ಬೆಳೆದಿತ್ತು. ಮಕ್ಕಳು ಅದನ್ನು ಇಷ್ಟಪಟ್ಟು ಉಂಡರೆಂಬುದೂ ಮುಖ್ಯ.

ನಮಗೆ ರಾಗಿ, ಸಾಮೆಗಳೇ ಬೇಕೆಂದಿಲ್ಲ. ಮರಾಠಿಯವರು ವೇಳ ಅಮಾವಾಸ್ಯೆ ಎಂದು ಕರೆಯುವ ನಮ್ಮ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೊತ್ತೊಯ್ಯುವ ಬುತ್ತಿಯನ್ನು ನೆನೆಯಿರಿ. ಹಸಿ ಕಾಳುಗಳು, ಸೊಪ್ಪುಗಳು, ಕಾಯಿಪಲ್ಯಗಳೆಲ್ಲ ಕೂಡಿದ ಭಜ್ಜಿ, ಸಜ್ಜೆ ರೊಟ್ಟಿ, ಜೋಳದ ಅಂಬಲಿ. ಆಹಾರ ವೈವಿಧ್ಯಕ್ಕೆ ಇದಕ್ಕಿಂತ ಉತ್ತಮ ಪಾಠ ಯಾವ ಪುಸ್ತಕದಲ್ಲಿದೆ? ವರ್ಷಕ್ಕೊಮ್ಮೆ ಮಾಡುವ ಈ ಅಡುಗೆಯನ್ನು ಸಣ್ಣ ಪ್ರಮಾಣದಲ್ಲಿ ವಾರಕ್ಕೊಮ್ಮೆ ಮಾಡಿದರೆ ಅಂಗಡಿಯ ಪೌಷ್ಟಿಕ ಪುಡಿಯ ಡಬ್ಬಿಗೆ ಹಣ ಸುರಿಯುವುದು ತಪ್ಪುತ್ತದೆ.

ವ್ಯಾಯಾಮದ ಮಾತು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗೆ ಹೃದ್ರೋಗ ಕಡಿಮೆಯೆಂದು ಜೆರೆಮಿ ಮಾರಿಸ್ 1953ರಲ್ಲಿಯೇ ತೋರಿಸಿದ್ದರು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರದೇ ಸಂಶೋಧಕರು 146 ದೇಶಗಳ ಮಾಹಿತಿ ಕಲೆಹಾಕಿ 2019ರಲ್ಲಿ ಪ್ರಕಟಿಸಿದಂತೆ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿಗೆ ಅಷ್ಟು ಚಟುವಟಿಕೆಯಿಲ್ಲ. ಭಾರತದ ಸ್ಥಿತಿ ಇತರರಿಗಿಂತ ತುಸು ಮೇಲು. ಕಾರಣವಾಗಿ ಅವರು ಊಹಿಸಿದ್ದೇನು ಗೊತ್ತೇ? ಹುಡುಗರಿಗೆ ಕ್ರಿಕೆಟ್, ಹುಡುಗಿಯರಿಗೆ ಮನೆಗೆಲಸ! ಕಸಗುಡಿಸಿ ನೀರು ಹೊರುವುದನ್ನು ಆಟದ ಲೆಕ್ಕಕ್ಕೆ ಹಿಡಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಏಳನೆಯ ತರಗತಿಯವರೆಗೆ ಖೋ-ಖೋದಲ್ಲಿ ಹುಡುಗರನ್ನೂ ಮೀರಿಸುತ್ತಿದ್ದ ಹುಡುಗಿ ಎಂಟಕ್ಕೆ ಬಂದೊಡನೆ ಮೈದಾನದ ಅಂಚಿನಲ್ಲಿ ಚೀಲ ಕಾಯುತ್ತಾ ಕೂರುತ್ತಾಳೆ. ಆಟದ ಅವಧಿಯನ್ನು ಗಣಿತಕ್ಕೆ ಕೊಡಿರೆಂದು ಕೇಳುವ ಪಾಲಕರಿಗೂ ಶಿಕ್ಷಕರಿಗೂ ನನ್ನ ಉತ್ತರ ಇನ್ನು ಮುಂದೆ ಒಂದೇ: ಆಗದು.

ಕೊನೆಯದಾಗಿ ಗುಳಿಗೆಯ ವಿಷಯ. ವಾರಕ್ಕೊಂದರಂತೆ ಸರಕಾರ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಹೊಟ್ಟೆ ತೊಳಸುತ್ತದೆಂದು ಹೆದರಿ ಕೆಲವು ಮಕ್ಕಳು ಎಸೆಯುತ್ತಾರೆ. ಉಂಡ ಮೇಲೆ ನುಂಗಿದರೆ ಈ ತೊಂದರೆ ಬಹಳಷ್ಟು ಕಡಿಮೆ. ನಿಂಬೆ, ನೆಲ್ಲಿ, ಪೇರಲಗಳು ಕಬ್ಬಿಣಾಂಶ ಮೈಗೂಡಲು ನೆರವಾಗುತ್ತವೆ; ಊಟದೊಂದಿಗೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಬರುವ ಸೋಮವಾರದಿಂದ ಮಧ್ಯಾಹ್ನದ ಊಟವಾದ ಬಳಿಕ ಶಿಕ್ಷಕಿಯರ ಎದುರಿನಲ್ಲಿಯೇ ಮಕ್ಕಳು ಗುಳಿಗೆ ನುಂಗುವ ವ್ಯವಸ್ಥೆ ಮಾಡಲಿದ್ದೇವೆ. ಅಂದು ಬುತ್ತಿಯಲ್ಲಿ ಒಂದು ಹೋಳು ನಿಂಬೆಯನ್ನು ಇಟ್ಟು ಕಳುಹಿಸಬೇಕೆಂದು ತಾಯಂದಿರಲ್ಲಿ ವಿನಂತಿಸುತ್ತೇನೆ.