ಗಬ್ಬದ ಹಸು, ಎಳೆಗರು: ರೋಗ ಬರುವ ಮುಂಚಿನ ಆರೈಕೆ

(ಸ್ವಸಹಾಯ ಸಂಘಗಳ ಒಕ್ಕೂಟ ಸಭೆಯಲ್ಲಿ ನೀಡಿದ ಮಾಹಿತಿ)



ಸಂಘದಲ್ಲಿ ಸಾಲ ಯಾತಕ್ಕೆ ತಗೊಂಡಿರಿ ಅಂತ ಕೇಳಿದರೆ, "ಹಸು ತರೋದಕ್ಕೆ ಸಿಸ್ಟರ್" ಅನ್ನುವವರೇ ನಿಮ್ಮಲ್ಲಿ ಹೆಚ್ಚು. ಹಸು ಹಾಲು ಕೊಟ್ಟರೆ ಕಂತು ಕಟ್ಟಬಹುದು. ಹಸು ಮಲಗಿತೆಂದರೆ ಡೇರಿಯ ದುಡ್ಡು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಅದಕ್ಕೇ ಇಂದು ರೋಗ ಬಂದ ಮೇಲಿನ ಔಷಧಿಯ ಬಗ್ಗೆ ಅಲ್ಲ, ರೋಗ ಬಾರದಂತೆ ನಾವೇ ಏನು ಮಾಡಬಹುದು ಎಂಬುದರ ಬಗ್ಗೆ ಮಾತನಾಡೋಣ.

ಮೊದಲು ಗಬ್ಬದ ಹಸು. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಇಂಜೆಕ್ಷನ್ ಕೊಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕರು ಹಾಕುವ ಎರಡು ತಿಂಗಳ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಬೇಕು. "ಇನ್ನೂ ಎರಡು ಲೀಟರ್ ಬರ್ತಾ ಇದೆಯಲ್ಲಾ" ಅಂತ ಆಸೆಪಟ್ಟರೆ ಕೆಚ್ಚಲಿಗೆ ವಿಶ್ರಾಂತಿ ಸಿಗುವುದಿಲ್ಲ, ಮುಂದಿನ ಸೂಲಿನಲ್ಲಿ ಹಾಲು ಕಡಿಮೆಯಾಗುತ್ತದೆ. ಹಾಲು ಬತ್ತಿಸುವಾಗ ಕೆಚ್ಚಲು ಬಾವು ಬಾರದಂತೆ ಮೊಲೆಗೆ ಹಾಕುವ ಔಷಧಿ ಇದೆ, ವೈದ್ಯರನ್ನು ಕೇಳಿ. ಕೊನೆಯ ಮೂರು ತಿಂಗಳಲ್ಲೇ ಕರು ಹೊಟ್ಟೆಯೊಳಗೆ ವೇಗವಾಗಿ ಬೆಳೆಯುವುದು. ಹಾಲಿಲ್ಲದ ಹಸು ಅಂತ ಹಿಂಡಿ, ಹಸಿ ಮೇವು ಪೂರ್ತಿ ನಿಲ್ಲಿಸಬೇಡಿ.

ಇನ್ನು ಲಸಿಕೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಹಾಕಿಸಬೇಕು, ಕರುವಿಗೆ ನಾಲ್ಕು ತಿಂಗಳಾದಾಗ ಆರಂಭಿಸಬೇಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ. ಗಳಲೆ ರೋಗ, ಚಪ್ಪೆ ಬೇನೆಗೆ ಮಳೆಗಾಲಕ್ಕೆ ಮುಂಚೆ ಹಾಕಿಸಿ. 2022ರಲ್ಲಿ ಚರ್ಮಗಂಟು ರೋಗ ಬಂದು ನಮ್ಮ ರಾಜ್ಯದಲ್ಲಿ ಎಷ್ಟು ದನ ಹೋದವು ಎಂಬುದು ನಿಮಗೆ ನೆನಪಿರಬಹುದು. ಆ ಲಸಿಕೆಯನ್ನೂ ಬಿಡಬೇಡಿ. "ಲಸಿಕೆ ಹಾಕಿಸಿದರೆ ಹಾಲು ಕಮ್ಮಿ ಆಗುತ್ತೆ" ಎಂದು ಹಸುವನ್ನು ಹಿತ್ತಲಲ್ಲಿ ಬಚ್ಚಿಡುವವರಿದ್ದಾರೆ. ಕಮ್ಮಿಯಾದರೂ ಅದು ಎರಡು ಮೂರು ದಿನದ ಮಾತು. ರೋಗ ಬಂದರೆ ಇಡೀ ಸೂಲೇ ಹೋಗುತ್ತದೆ.

ಈಗ ಹೇಳುವುದನ್ನು ಗಮನವಿಟ್ಟು ಕೇಳಿ. ಕಂದು ರೋಗ ಎಂಬುದೊಂದಿದೆ, ಡಾಕ್ಟರು ಬ್ರುಸೆಲ್ಲೋಸಿಸ್ ಅನ್ನುತ್ತಾರೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುವ ರೋಗ ಇದು. ಹಸುವಿನಿಂದ ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ ನೋವು, ಕೀಲು ನೋವು ಇದರ ಲಕ್ಷಣ. ನಾವು ಕೆಲಸದ ಆಯಾಸ ಅಂತ ಸುಮ್ಮನಾಗಿಬಿಡುತ್ತೇವೆ. ಕೊಟ್ಟಿಗೆ ಕೆಲಸ ಮಾಡುವವರು ಯಾರು? ನಾವೇ. ಆದ್ದರಿಂದ ಕಂದು ಹಾಕಿದ ಕರುವನ್ನಾಗಲಿ, ಮಾಸನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಕೈಚೀಲ ಸಿಗದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬಸುರಿ ಹೆಂಗಸರು ಈ ಕೆಲಸಕ್ಕೆ ಕೈ ಹಾಕುವುದೇ ಬೇಡ. ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ಕೆಲವು ಊರುಗಳಲ್ಲಿದೆ. ಹಾಲು ಹೆಚ್ಚಲಿ ಎಂಬ ಹಿರಿಯರ ಆಸೆ ಒಳ್ಳೆಯದೇ. ಆದರೆ ಕಾಗೆ, ನಾಯಿ ಎಳೆದಾಡಿದರೆ ರೋಗ ಊರಿಗೇ ಹರಡುತ್ತದೆ. ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲನ್ನು ಕುದಿಸಿಯೇ ಕುಡಿಯಿರಿ. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಮ್ಮೆ ಲಸಿಕೆ ಹಾಕಿಸಿದರೆ ಈ ರೋಗದಿಂದ ರಕ್ಷಣೆ ಸಿಗುತ್ತದೆ. ಗಬ್ಬದ ಹಸುವಿಗೆ ಮಾತ್ರ ಇದನ್ನು ಹಾಕಿಸಬಾರದು.

ಕರು ಹುಟ್ಟಿದ ಕೂಡಲೇ ಮೂಗು ಬಾಯಿಯ ಲೋಳೆ ಒರೆಸಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಸಗಣಿ, ಬೂದಿ ಬೇಡ. ಆಮೇಲೆ ಗಿಣ್ಣು. "ಮಾಸು ಬೀಳುವ ತನಕ ಕರುವಿಗೆ ಕುಡಿಸಬಾರದು" ಎಂದು ಅತ್ತೆಯಂದಿರು ಹೇಳುವುದುಂಟು. ತಾಯಿಯ ರೋಗನಿರೋಧಕ ಶಕ್ತಿ ಗರ್ಭದೊಳಗೆ ಕರುವಿಗೆ ಬರುವುದಿಲ್ಲ, ಗಿಣ್ಣಿನಿಂದ ಮಾತ್ರ ಬರುತ್ತದೆ. ಆ ಶಕ್ತಿಯನ್ನು ಹೀರಿಕೊಳ್ಳುವ ಗುಣ ಕರುವಿನ ಕರುಳಿಗೆ ಒಂದು ದಿನ ಮಾತ್ರ, ಅದೂ ಗಂಟೆಗಂಟೆಗೆ ಇಳಿಯುತ್ತಾ ಹೋಗುತ್ತದೆ. ಎರಡು ಗಂಟೆಯೊಳಗೆ 2 ಲೀಟರ್, ಹನ್ನೆರಡು ಗಂಟೆಯೊಳಗೆ ಮತ್ತೆ 1-2 ಲೀಟರ್ ಕುಡಿಸಿ. ಕರು ಮೊಲೆ ಚೀಪಿದರೆ ಮಾಸು ಬೀಳುವುದಕ್ಕೂ ಸಹಾಯವೇ. ನೆಂಟರಿಷ್ಟರಿಗೆ ಗಿಣ್ಣು ಹಂಚುವುದು ಕರುವಿನ ಪಾಲು ಆದಮೇಲೆ. ಹತ್ತರಿಂದ ಹದಿನಾಲ್ಕು ದಿನದೊಳಗೆ ಜಂತುಹುಳದ ಔಷಧಿ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ.

ಹನ್ನೆರಡು ಗಂಟೆಯಾದರೂ ಮಾಸು ಬೀಳದಿದ್ದರೆ ಎಳೆಯಬೇಡಿ, ಕಲ್ಲು ಕಟ್ಟಬೇಡಿ. ಕರು ಹಾಕಿದ ಮೂರು ದಿನದೊಳಗೆ ಹಸು ತಣ್ಣಗಾಗಿ, ಕತ್ತು ಹೊರಳಿಸಿ ಮಲಗಿದರೆ ಅದು ಸುಣ್ಣದಂಶ ಕಡಿಮೆಯಾದ ಹಾಲು ಜ್ವರ. ಬಾಯಿಗೆ ಏನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ತಡಮಾಡದೆ ವೈದ್ಯರನ್ನು ಕರೆಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕೊನೆಯದಾಗಿ ಒಂದು ಕೆಲಸ. ಪ್ರತಿ ಸಂಘದಲ್ಲೂ ಒಂದು ನೋಟ್‌ಬುಕ್ ಇಡಿ. ಯಾರ ಹಸು, ಕಿವಿಯೋಲೆ ನಂಬರು, ಇಂಜೆಕ್ಷನ್ ಕೊಡಿಸಿದ ದಿನ, ಹಾಲು ಬತ್ತಿಸುವ ದಿನ, ಲಸಿಕೆಯ ದಿನ ಇಷ್ಟು ಬರೆಯಿರಿ. ಉಳಿತಾಯದ ಲೆಕ್ಕ ಓದುವಾಗ ಇದನ್ನೂ ಓದಿ ಹೇಳಿ. ಓದಲು ಬಾರದ ಅಕ್ಕನಿಗೂ ಪಕ್ಕದವರು ನೆನಪಿಸುತ್ತಾರೆ. ಸಂಘ ಇರುವುದೇ ಅದಕ್ಕಲ್ಲವೇ? ಮುಂದಿನ ಸಭೆಗೆ ಬರುವಾಗ ಆ ನೋಟ್‌ಬುಕ್ ತಗೊಂಡು ಬನ್ನಿ, ಒಟ್ಟಿಗೆ ನೋಡೋಣ.