ಕಂದಕದ ಆಚೆ

ಸಾಂಗಲಿಯ ಗಣೇಶದುರ್ಗ ಕೋಟೆಯಲ್ಲೊಂದು ಜೈಲು, ಅದರ ಸುತ್ತ ಕಂದಕ. 1943ರ ಜುಲೈ 24ರಂದು ಸ್ವಾತಂತ್ರ್ಯ ಹೋರಾಟಗಾರ ವಸಂತದಾದಾ ಪಾಟೀಲರು ಸಂಗಾತಿಗಳೊಂದಿಗೆ ಅಲ್ಲಿಂದ ತಪ್ಪಿಸಿಕೊಂಡು ಕಂದಕಕ್ಕೆ ಹಾರಿದರು. ಪೊಲೀಸರು ಬೆನ್ನಟ್ಟಿದರು. ಅಣ್ಣಾಸಾಹೇಬ ಪತ್ರಾವಳೆ, ಬಾಬುರಾವ ಜಾಧವ ಗುಂಡಿಗೆ ಬಲಿಯಾದರು. ಗಾಯಗೊಂಡ ದಾದಾ ಮತ್ತೆ ಸೆರೆಯಾದರು. ಅದೇ ವರ್ಷದ ಏಪ್ರಿಲ್ 1ರಂದು ಇತ್ತ ನಮ್ಮ ಕರ್ನಾಟಕದ ಹೊಸರಿತ್ತಿಯಲ್ಲಿ ಹೋರಾಟಗಾರ ಮೈಲಾರ ಮಹಾದೇವಪ್ಪನವರು ಗುಂಡೇಟಿಗೆ ಪ್ರಾಣ ಕೊಟ್ಟಿದ್ದರು. ಹಿಟ್ಲರನಿಂದ ಜಗತ್ತಿನ ಸ್ವಾತಂತ್ರ್ಯ ಉಳಿಸುತ್ತೇವೆಂದು ಯುದ್ಧಕ್ಕಿಳಿದಿದ್ದ ಬ್ರಿಟಿಷ್ ಸಾಮ್ರಾಜ್ಯ, ಆ ಮಾತನ್ನು ನಂಬಿ ತಾವೂ ಸ್ವಾತಂತ್ರ್ಯ ಕೇಳಿದವರನ್ನು ಜೈಲಿಗೆ ಹಾಕಿತ್ತು!

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಕೋಟೆಯ ಹೊರಗಿನ ಕಥೆ. ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲರ ‘ಪ್ರತಿ ಸರ್ಕಾರ’, ಅಂದರೆ ಬ್ರಿಟಿಷರಿಗೆ ಎದುರಾದ ಸಮಾನಾಂತರ ಸರ್ಕಾರ, 1943ರಿಂದ 1946ರವರೆಗೆ ನಡೆಯಿತು. ಅದರ ನ್ಯಾಯದಾನ ಮಂಡಳಿಗಳು ಊರವರ ಜಗಳ ಬಗೆಹರಿಸಿದವು, ಸಾಹುಕಾರರ ಸುಲಿಗೆಗೆ ತಡೆ ಹಾಕಿದವು. ಶಿಕ್ಷೆ ಕೆಲವೊಮ್ಮೆ ಕಠೋರವಾಗಿತ್ತು; ಅದನ್ನು ಮುಚ್ಚಿಡಬೇಕಿಲ್ಲ. ಗೋಡೆ ಹಾರಲು ಒಂದು ಕ್ಷಣದ ಧೈರ್ಯ ಸಾಕು. ಮರುದಿನ ಪೊಲೀಸರಿಲ್ಲದೆ ಅಣ್ಣತಮ್ಮಂದಿರ ಹೊಲದ ಬದುವಿನ ವ್ಯಾಜ್ಯ ಬಗೆಹರಿಸುವುದಿದೆಯಲ್ಲ, ಅದಕ್ಕೆ ಬೇರೆಯೇ ತಾಳ್ಮೆ ಬೇಕು. ಆ ರೈತರು ಸ್ವರಾಜ್ಯವನ್ನು 1947ಕ್ಕೆ ಕಾಯದೆ ಊರಿನ ಕಟ್ಟೆಯ ಮೇಲೆಯೇ ಶುರು ಮಾಡಿದ್ದರು.