ಹೇಮಾವತಿ ಸೀಮೆಯ ಬರ–ನೆರೆ: ಸಂಶೋಧನೆಗೆ ಹಿರಿಯ ನಾಯಕರ ಸಲಹೆ ಎಲ್ಲಿಯವರೆಗೆ?



ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಹೆಸರಿನ ದತ್ತಿ ಉಪನ್ಯಾಸ ಕೊಡುವುದು ನೀರಾವರಿಯನ್ನು ಓದಿಕೊಂಡು ಬಂದ ನನಗೆ ದೊಡ್ಡ ಗೌರವ. ಹೇಮಾವತಿ ದಂಡೆಯ ಬದುಕನ್ನು ಕನ್ನಡಕ್ಕೆ ತಂದುಕೊಟ್ಟ ಅವರು, ತಮ್ಮೂರಿನ ಬಳಿಯೇ ಆ ಹೊಳೆಗೆ ಅಣೆಕಟ್ಟೆ ಎದ್ದ ಕಾಲವನ್ನೂ ಕಂಡವರು.

ಭೂಮಿ ಏಕೆ ಬಿಸಿಯಾಗುತ್ತಿದೆ ಎಂಬುದನ್ನು ನಿಮ್ಮ ಪಠ್ಯಪುಸ್ತಕಗಳೇ ಹೇಳುತ್ತವೆ. ನಮ್ಮ ಹಾಸನ ಜಿಲ್ಲೆಯ ಮಟ್ಟಿಗೆ ಇಷ್ಟು ಸಾಕು: ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟುವ ಮಳೆ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿಯುತ್ತದೆ. ಮೋಡ ಬಿಡದೆ ಹಿಡಿದರೆ ಹಾಸನದ ಆಲೂಗೆಡ್ಡೆಗೆ ಅಂಗಮಾರಿ. ಮಳೆ ಕೈಕೊಟ್ಟರೆ ಚನ್ನರಾಯಪಟ್ಟಣದ ತೆಂಗಿಗೆ ಕುತ್ತು. 2019ರ ಆಗಸ್ಟಿನಲ್ಲಿ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಕಾವೇರಿ ನುಗ್ಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಈ ಏರುಪೇರನ್ನು ತಾಳಿಕೊಳ್ಳುವ ದಾರಿ ಹುಡುಕುವ ವಿಶ್ವವಿದ್ಯಾಲಯಗಳಿಗೆ, ಆಡಳಿತದಲ್ಲಿ ಪಳಗಿದ ನಾಯಕರು ಸಲಹೆ ಕೊಡಬೇಕೆ? ನನ್ನ ಉಪನ್ಯಾಸದ ವಿಷಯ ಇದೇ.

ಬೇಡವೆನ್ನುವ ವಿದ್ವಾಂಸರಿದ್ದಾರೆ. ರಾಜಕಾರಣಿ ಒಳಗೆ ಕಾಲಿಟ್ಟರೆ ಸ್ವಾಯತ್ತತೆ ಹೋಯಿತು ಎನ್ನುತ್ತಾರೆ. ಆ ಭಯಕ್ಕೆ ಕಾರಣವಿದೆ, ಆದರೆ ವಾದ ಅರ್ಧ ಮಾತ್ರ ಸರಿ. ಹೇಮಾವತಿ ಯೋಜನೆಯನ್ನೇ ನೋಡಿ. 1924ರ ಕಾವೇರಿ ಒಪ್ಪಂದದ ತೊಡಕಿನ ನಡುವೆ, ಯೋಜನಾ ಆಯೋಗದ ಒಪ್ಪಿಗೆ ಸಿಗದಿದ್ದಾಗ, ರಾಜ್ಯ ತನ್ನದೇ ಹಣದಿಂದ ಅದನ್ನು ಕಟ್ಟಿತು. 37.103 ಟಿಎಂಸಿ ನೀರು ಹಿಡಿಯುವ ಜಲಾಶಯದ ಹಿಂದೆ ಇಂಥ ನಿರ್ಧಾರಗಳಿವೆ; ಅದರ ಹಿನ್ನೀರಿನಲ್ಲಿ ಮುಳುಗಿದ ಶೆಟ್ಟಿಹಳ್ಳಿ ಇಗರ್ಜಿ ಅವುಗಳ ಬೆಲೆಯ ಗುರುತು. ಹೊಳೆನರಸೀಪುರದಿಂದ 1962ರಲ್ಲಿ ಶಾಸನಸಭೆಗೆ ಹೋದ, ಹಾಸನದಲ್ಲೇ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿದ ಎಚ್.ಡಿ. ದೇವೇಗೌಡರೂ ಅರಕಲಗೂಡಿನ ಎಚ್.ಎನ್. ನಂಜೇಗೌಡರೂ ನೀರಾವರಿ ಸಚಿವರಾಗಿದ್ದವರು. ಅವರ ರಾಜಕೀಯ ಒಪ್ಪದವರೂ ಕಾವೇರಿ ಕಡತಗಳ ಮೇಲಿನ ಅವರ ಹಿಡಿತವನ್ನು ಒಪ್ಪುತ್ತಾರೆ. ನೀರು ಸಾಲದ ವರ್ಷ ಯಾವ ತೂಬು ಮೊದಲು ಮುಚ್ಚಿತು, ಯಾರ ಒತ್ತಡಕ್ಕೆ ತೆರೆಯಿತು ಎಂಬುದನ್ನು ಮಳೆಯ ಅಂಕಿಅಂಶ ಹೇಳುವುದಿಲ್ಲ, ಇಂಥ ನಾಯಕರು ಹೇಳಬಲ್ಲರು. ಅದನ್ನು ಬಿಟ್ಟು ಬರೆದ ಪ್ರಬಂಧ ಆಕಾಶದ ಅಧ್ಯಯನವಾದೀತು, ನಾಲೆಯದಲ್ಲ.

ಇನ್ನೊಂದು ಪಂಗಡದ ವಾದ ಇದಕ್ಕಿಂತ ಅಪಾಯಕಾರಿ: ಸಂಶೋಧನೆ ಏಕೆ, ಇನ್ನಷ್ಟು ನೀರು ಹರಿಸಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ. ಇದನ್ನು ನಾನು ಪೂರ್ತಿ ನಿರಾಕರಿಸುತ್ತೇನೆ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗದ ಮೂಲಕ ಹೇಮಾವತಿ ನೀರು ತುಮಕೂರಿನ ಕಡೆಗೆ ಹರಿಯುತ್ತದೆ. ಸುರಂಗ ಹಾದ ಸೀಮೆಯ ಜನ ಪರಿಹಾರಕ್ಕಾಗಿ ಹೋರಾಡಿದ್ದಾರೆ. ನೀರು ಹಾದುಹೋದ ಮಾತ್ರಕ್ಕೆ ಊರು ಬರ ಗೆಲ್ಲುವುದಿಲ್ಲ. ಸುರಂಗದ ನೆರೆಹೊರೆಯ ಬಾವಿಗಳ ಅಂತರ್ಜಲ ಹೇಗೆ ಬದಲಾಯಿತು ಎಂಬುದು ಹವಾಮಾನ ಸಂಶೋಧನೆಯ ಮೊದಲ ಸಾಲಿನ ಪ್ರಶ್ನೆಯಾಗಬೇಕು.

ಹಾಗಾದರೆ ಗೆರೆ ಎಲ್ಲಿ? ನನ್ನ ನಿಲುವು ಸ್ಪಷ್ಟ: ಪ್ರಶ್ನೆ ಹುಟ್ಟುವ ಕಡೆ ನಾಯಕರಿರಲಿ, ಉತ್ತರ ಹುಟ್ಟುವ ಕಡೆ ಬೇಡ. ನೆದರ್ಲೆಂಡ್ಸ್ ಇದಕ್ಕೊಂದು ದಾರಿ ತೋರಿಸಿದೆ. ವಾಗನಿಂಗನ್ ವಿಶ್ವವಿದ್ಯಾಲಯದ ಆಡಳಿತ ನಡೆಸಿ, ಕೃಷಿ ಸಚಿವರೂ ಆಗಿದ್ದ ಸೇಸ್ ವೀರ್ಮನ್ 2007–08ರಲ್ಲಿ ಅಲ್ಲಿನ ಡೆಲ್ಟಾ ಸಮಿತಿಯ ಅಧ್ಯಕ್ಷರಾದರು. 2100ರ ಹೊತ್ತಿಗೆ ಸಮುದ್ರ ಎಷ್ಟು ಏರಬಹುದೆಂದು ವಿಜ್ಞಾನಿಗಳನ್ನು ಕೇಳಿದರು, 0.65ರಿಂದ 1.3 ಮೀಟರ್ ಎಂಬ ಲೆಕ್ಕ ವಿಜ್ಞಾನಿಗಳದು, ಅದಕ್ಕೆ ತಕ್ಕ ಶಿಫಾರಸು ಸಮಿತಿಯದು.

ಕಾರೆಕೆರೆಯ ಕೃಷಿ ಕಾಲೇಜು, ಹೇಮಗಂಗೋತ್ರಿಯ ಹಾಸನ ವಿಶ್ವವಿದ್ಯಾಲಯ ಇದಕ್ಕೊಂದು ಸಲಹಾ ಮಂಡಳಿಯನ್ನು ಇಲ್ಲೇ ಮಾಡಬಹುದು. ಅದರಲ್ಲಿ ಒಂದೇ ಪಕ್ಷದವರು ಬೇಡ. ನಾಲೆಯ ಕೊನೆಭಾಗದ ರೈತರೂ ಕೂರಲಿ. ಕೊಟ್ಟ ಸಲಹೆ ಲಿಖಿತವಾಗಿರಲಿ, ಎಲ್ಲರಿಗೂ ಓದಲು ಸಿಗಲಿ. ಪ್ರಾತ್ಯಕ್ಷಿಕೆಯ ಹೊಲದ ಆಯ್ಕೆ, ಅಧ್ಯಾಪಕರ ನೇಮಕ, ಫಲಿತಾಂಶ, ಈ ಮೂರಕ್ಕೆ ಮಂಡಳಿ ಕೈಹಾಕಕೂಡದು.

ಗೊರೂರರು ಹಳ್ಳಿಗರ ಮಾತಿಗೆ ಕಿವಿಗೊಟ್ಟು ಬರೆದವರು. ಅವರ ಹೆಸರಿನ ಈ ವೇದಿಕೆಯಿಂದ ಜಿಲ್ಲೆಯ ಹಿರಿಯ ನಾಯಕರಲ್ಲಿ ನನ್ನ ವಿನಂತಿ ಒಂದೇ. ಹೇಮಾವತಿ ನೀರಾವರಿ ಸಲಹಾ ಸಮಿತಿಯ ಹಳೆಯ ನಡಾವಳಿಗಳೆಲ್ಲ ಸಂಶೋಧಕರ ಕೈಗೆ ಸಿಗುವಂತೆ ಮಾಡಿಸಿ. ಸನ್ಮಾನ ಸಮಾರಂಭಗಳಿಗೆ ಬರುವುದಕ್ಕಿಂತ ವಿಶ್ವವಿದ್ಯಾಲಯಕ್ಕೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅದು.